ಹಡಗಿನ ಪಂಕ್ತಿ

ಹಡಗಿನಲ್ಲಿ ಏನು ಉಣ್ಣಬೇಕು, ಏನು ಕುಡಿಯಬೇಕು ಎಂಬ ಪ್ರಶ್ನೆ ತಿಪಟೂರು ಸೀಮೆಯವನಾದ ನನಗೆ ಎದುರಾಗುವ ಕಾರಣವೇ ಇರಲಿಲ್ಲ. ನಮಗೂ ಸಮುದ್ರಕ್ಕೂ ನಡುವೆ ಇಡೀ ಮಲೆನಾಡು ಅಡ್ಡಲಾಗಿ ಮಲಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ತೆಂಗು ಕಡಲಿನ ಉಪ್ಪುಗಾಳಿ ಕಂಡದ್ದಲ್ಲ. ಕೆರೆಯ ಕೆಳಗಿನ ತೋಟಗಳಲ್ಲಿ, ಈಚೆಗೆ ಕೊಳವೆ ಬಾವಿಯ ಆಸರೆಯಲ್ಲಿ ಬೆಳೆದದ್ದು. ಅಲ್ಲಿಯ ಜನವೂ ಹಾಗೆಯೇ. ನೀರೆಂದರೆ ಕೆರೆ, ಪ್ರಯಾಣವೆಂದರೆ ರೈಲು.

ಆದರೂ ಕೆಲವು ವರ್ಷಗಳ ಹಿಂದೆ ಮಗಳು, ಅಳಿಯ, ಮೊಮ್ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ಮುಂಬಯಿಯಿಂದ ಲಕ್ಷದ್ವೀಪದ ಕಡೆಗೆ ಹೋಗುವ ವಿಹಾರನೌಕೆಯೊಂದನ್ನು ಹತ್ತಿದೆ. ಹತ್ತುವುದಕ್ಕೆ ಮೊದಲೇ ಒಂದು ನಮೂನೆಯನ್ನು ತುಂಬಬೇಕಾಗಿತ್ತು. ಸಸ್ಯಾಹಾರವೋ, ಜೈನ ಆಹಾರವೋ, ಮಾಂಸಾಹಾರವೋ? ಪಾನೀಯಗಳಿಗೆ ದಿನಕ್ಕಿಷ್ಟು ಎಂದು ಮೊದಲೇ ತೆತ್ತು ಬೇಕಾದಷ್ಟು ಕುಡಿಯುವಿರೋ, ಕುಡಿದಾಗ ಕುಡಿದದ್ದಕ್ಕೆ ತೆರುವಿರೋ? ನಾನು ಎಳನೀರು ಇದೆಯೇ ಎಂದು ಕೇಳಿದೆ. ಡಬ್ಬಿಯಲ್ಲಿ ತುಂಬಿದ್ದು ಇದೆ, ಅದಕ್ಕೆ ಬೇರೆ ಹಣ ಎಂದರು. ತೆಂಗಿನ ದ್ವೀಪಗಳಿಗೆ ಹೊರಟ ಹಡಗಿನಲ್ಲಿ, ತೆಂಗಿನ ಸೀಮೆಯವನಿಗೆ, ಡಬ್ಬಿಯ ಎಳನೀರು! ನಕ್ಕು ಸುಮ್ಮನಾದೆ. ಆದರೆ ಆ ನಮೂನೆಯ ಕಾಗದ ನನ್ನ ಮನಸ್ಸಿನಿಂದ ಇಳಿಯಲಿಲ್ಲ. ಹಡಗಿನ ಊಟವನ್ನು ಆರಿಸಿಕೊಳ್ಳುವುದೆಂಬುದು ನಮ್ಮ ದೇಶದಲ್ಲಿ ಎಂದೂ ಬರಿಯ ನಾಲಗೆಯ ವಿಷಯವಾಗಿರಲಿಲ್ಲ. ಅದರ ಹಿಂದೆ ಉದ್ದವಾದ ಚರಿತ್ರೆಯಿದೆ. ಇಂದು ಆ ಚರಿತ್ರೆಯ ಕೆಲವು ಎಳೆಗಳನ್ನು ನಿಮ್ಮ ಮುಂದೆ ಇಡುವ ಆಸೆ ನನ್ನದು.

ತೆಂಗಿನಿಂದಲೇ ಪ್ರಾರಂಭಿಸೋಣ. 10ನೆಯ ಶತಮಾನದಲ್ಲಿ ಬರೆದ ಸೀರಾಫ್ ಪಟ್ಟಣದ ಅಬೂ ಜೈದ್ ಎಂಬಾತ ಒಂದು ಸೊಗಸಾದ ಸಂಗತಿಯನ್ನು ಹೇಳುತ್ತಾನೆ. ಒಮಾನಿನ ಜನ ಬಡಗಿಯ ಹತಾರಗಳನ್ನು ಹೊತ್ತು ತೆಂಗು ಬೆಳೆಯುವ ದ್ವೀಪಗಳಿಗೆ ಹೋಗುತ್ತಿದ್ದರಂತೆ. ಮರ ಕಡಿದು ಒಣಗಿಸಿ ಹಲಗೆ ಸೀಳುವರು. ನಾರಿನಿಂದ ಹುರಿ ಹೊಸೆದು ಆ ಹಲಗೆಗಳನ್ನು ಹೊಲಿಯುವರು. ಅದೇ ಮರದಿಂದ ಕೂವೆಮರ, ಅದರ ಗರಿಗಳಿಂದಲೇ ಹಾಯಿ. ಹಡಗು ಸಿದ್ಧವಾದ ಮೇಲೆ ತೆಂಗಿನಕಾಯಿಯನ್ನೇ ತುಂಬಿಕೊಂಡು ತಮ್ಮೂರಿಗೆ ಹೋಗಿ ಮಾರುವರು. ಹಡಗೂ ತೆಂಗು, ಸರಕೂ ತೆಂಗು. ದಾರಿಯ ಬುತ್ತಿಯೂ ಬಾಯಾರಿಕೆಯ ನೀರೂ ಅದೇ ಆಗಿದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು. ಮುಚ್ಚಿದ ಪಾತ್ರೆಯಲ್ಲಿ ಅನ್ನವನ್ನೂ ನೀರನ್ನೂ ಒಟ್ಟಿಗೆ ಇಟ್ಟು ಕೊಡುವ ಕಾಯಿ ಮತ್ತೊಂದಿಲ್ಲ.

14ನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತ ಊಟದ ವಿಷಯದಲ್ಲಿ ಬಹು ಆಸಕ್ತಿಯ ಮನುಷ್ಯ. ಚೀನೀ ಹಡಗುಗಳಲ್ಲಿ ನಾವಿಕರು ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿಗಳನ್ನು ಬೆಳೆದುಕೊಳ್ಳುತ್ತಿದ್ದುದನ್ನು ಆತ ಬರೆದಿಟ್ಟಿದ್ದಾನೆ. ನಮ್ಮ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನಂತೂ ಎಲೆಯ ಮುಂದೆ ಕುಳಿತವನಂತೆಯೇ ವರ್ಣಿಸಿದ್ದಾನೆ: ಮೊದಲು ಅನ್ನ, ಅದರ ಮೇಲೆ ತುಪ್ಪ; ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ; ಮತ್ತೆ ಅನ್ನ, ಕೋಳಿ, ಮೀನು, ತುಪ್ಪದಲ್ಲಿ ಬೆಂದ ತರಕಾರಿ; ಕೊನೆಗೆ ಮೊಸರು, ಅದಾದ ಮೇಲೆ ಬಿಸಿನೀರು. ಕೋಳಿ, ಮೀನುಗಳನ್ನು ಬಿಟ್ಟರೆ ನಮ್ಮ ಮದುವೆಮನೆಯ ಬಡಿಸುವ ಕ್ರಮವೇ. ಅಲ್ಲಿ ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನ ತಿಂದೆನೆಂದು ಆತ ಪೇಚಾಡುತ್ತಾನೆ. ಅದೇ ಯಾತ್ರಿಕ ಮಲಬಾರಿನ ದಾರಿಯಲ್ಲಿ ಕಂಡ ಇನ್ನೊಂದು ಪದ್ಧತಿಯನ್ನೂ ಮರೆಯದೆ ಬರೆದಿದ್ದಾನೆ. ಅಲ್ಲಿನ ಹಿಂದೂಗಳು ಮುಸಲ್ಮಾನ ದಾರಿಹೋಕರಿಗೆ ಅನ್ನವನ್ನೇನೋ ಕೊಡುವರು. ಆದರೆ ತಮ್ಮ ಪಾತ್ರೆಯಲ್ಲಿ ಅಲ್ಲ, ತಮ್ಮ ಮನೆಯೊಳಗೆ ಅಲ್ಲ, ಹೊರಗೆ ಬಾಳೆಯ ಎಲೆಯ ಮೇಲೆ. ಅನ್ನ ಧಾರಾಳ, ಪಂಕ್ತಿ ಮಾತ್ರ ಬೇರೆ. ಈ ಮಾತನ್ನು ನೀವು ನೆನಪಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ಕಡಲಿನ ಮೇಲೆ ಆಯ್ಕೆಯ ಮಾತು ಬರುವುದು ಬದುಕು ಉಳಿದ ಮೇಲೆ. ಕಾರವಾರದ ಎದುರಿಗಿರುವ ಅಂಜುದೀವದಲ್ಲಿ ವಾಸ್ಕೋ ಡ ಗಾಮನ ಜನ ಹಡಗುಗಳನ್ನು ದುರಸ್ತಿ ಮಾಡಿ, ನೀರು ತುಂಬಿಕೊಂಡು 1498ರ ಅಕ್ಟೋಬರಿನಲ್ಲಿ ಮರಳಿ ಹೊರಟರು. ಆಫ್ರಿಕದ ತೀರ ಕಾಣುವುದಕ್ಕೆ ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ವಸಡು ಬಾತು ಹಲ್ಲು ಮುಚ್ಚಿ, ತಿನ್ನಲಾರದೆ ಮೂವತ್ತು ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಮಾತ್ರ ಉಳಿದರು. ಮಾಲಿಂದಿ ತಲುಪಿದೊಡನೆ ರೋಗಿಗಳು ಹಂಬಲಿಸಿದ್ದು ಕಿತ್ತಲೆಹಣ್ಣಿಗೆ. ನಾಲಗೆಗೆ ತಿಳಿದದ್ದು ಶಾಸ್ತ್ರಕ್ಕೆ ತಿಳಿಯಲು ಇನ್ನೂ ಎರಡೂವರೆ ಶತಮಾನ ಬೇಕಾಯಿತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ ಹನ್ನೆರಡು ರೋಗಿಗಳನ್ನು ಆರು ಜೋಡಿ ಮಾಡಿ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದ. ಕಿತ್ತಲೆ, ನಿಂಬೆ ತಿಂದ ಜೋಡಿ ಬೇಗ ಎದ್ದು ಕುಳಿತಿತು. ಎಳನೀರು ಈ ರೋಗಕ್ಕೆ ಮದ್ದಲ್ಲ ಎಂಬುದನ್ನು ತೆಂಗಿನ ಅಭಿಮಾನಿಯಾದ ನಾನೂ ಒಪ್ಪಬೇಕು. ಅದು ಬಾಯಾರಿಕೆಯನ್ನು ಕಳೆಯುತ್ತದೆ, ಅಷ್ಟೆ. ನಮ್ಮ ಮೈಸೂರಿನ ಟಿಪ್ಪು ಸುಲ್ತಾನ 1786ರಲ್ಲಿ ಗೋಕರ್ಣದ ಬಳಿಯ ತದಡಿಯಿಂದ ತುರುಕಿಯ ಸುಲ್ತಾನನ ಆಸ್ಥಾನಕ್ಕೆ ನಾಲ್ಕು ಹಡಗುಗಳಲ್ಲಿ ರಾಯಭಾರಿಗಳನ್ನು ಕಳುಹಿಸಿದಾಗ ಕಾಣಿಕೆಗೆಂದು ಆನೆಗಳನ್ನೂ ಹೇರಿದ್ದರು. ನೂರಾರು ಜನರಿಗೂ ಆನೆಗಳಿಗೂ ಸಿಹಿನೀರನ್ನು ಹೊತ್ತು ಸಾಗಬೇಕಾದ ಆ ಹಡಗುಗಳ ಪಾಡನ್ನು ನೆನೆದರೆ, ದಿನಕ್ಕಿಷ್ಟೆಂದು ತೆತ್ತು ಬೇಕಾದಷ್ಟು ಕುಡಿಯಿರಿ ಎನ್ನುವ ನಮ್ಮ ಕಾಲದ ಐಶ್ವರ್ಯ ಅರಿವಾಗುತ್ತದೆ.

ಇನ್ನು ಧರ್ಮದ ಮಾತು. ಬೌಧಾಯನ ಧರ್ಮಸೂತ್ರದಲ್ಲಿ ಸಮುದ್ರಯಾನವು ಪತನಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿ ಮೊದಲನೆಯದು. ಅದೇ ಗ್ರಂಥ ಉತ್ತರದೇಶದವರ ವಿಶೇಷ ಆಚಾರಗಳನ್ನು ಹೇಳುವಾಗ ಉಣ್ಣೆಯ ವ್ಯಾಪಾರ, ಮದ್ಯಪಾನಗಳ ಜೊತೆಗೆ ಸಮುದ್ರಯಾನವನ್ನೂ ಎಣಿಸಿದೆ. ಎಂದರೆ ಬೈಯುವವರೂ ಇದ್ದರು, ಹೋಗುವವರೂ ಇದ್ದರು! ಮುಂದಿನ ನಿಬಂಧಕಾರರು ಇದನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ದೋಷ ಉಪ್ಪುನೀರಿನದಲ್ಲ ಎಂದು ನನ್ನ ಎಣಿಕೆ. ಹಡಗಿನಲ್ಲಿ ಯಾರು ಬೇಯಿಸಿದ್ದು, ಯಾರು ಮುಟ್ಟಿದ್ದು, ಯಾರ ಪಕ್ಕದಲ್ಲಿ ಕುಳಿತು ಉಂಡದ್ದು ಎಂಬುದರ ಲೆಕ್ಕ ತಪ್ಪಿಹೋಗುತ್ತದೆ, ಭಯ ಅದರದು.

ಆ ಭಯಕ್ಕೆ ಹಣವುಳ್ಳವರು ಕಂಡುಕೊಂಡ ಉಪಾಯ, ಮನೆಯನ್ನೇ ಹಡಗಿಗೆ ಏರಿಸುವುದು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಜಯಪುರದ ಮಹಾರಾಜ ಸವಾಯಿ ಮಾಧೋಸಿಂಗರು ಒಲಿಂಪಿಯಾ ಎಂಬ ಹೊಸ ಹಡಗನ್ನೇ ಗೊತ್ತುಮಾಡಿಕೊಂಡರು. ಕುಡಿಯಲು ಬೆಳ್ಳಿಯ ಕೊಪ್ಪರಿಗೆಗಳಲ್ಲಿ ಗಂಗೆಯ ನೀರು. ಒಂದೊಂದರ ತೂಕ 345 ಕಿಲೋ, ಹಿಡಿಯುವ ನೀರು ಸುಮಾರು 4000 ಲೀಟರು. ಅವುಗಳಲ್ಲಿ ಎರಡನ್ನು ಜಯಪುರದ ಅರಮನೆಯಲ್ಲಿ ಇಂದಿಗೂ ನೋಡಬಹುದು.

ಹಣವಿಲ್ಲದವರ ಉಪಾಯ ಬೇರೆ. 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಹದಿನೆಂಟು ವರ್ಷದ ಮೋಹನದಾಸ ಗಾಂಧಿಗೆ ಮುಳ್ಳುಚಮಚ ಹಿಡಿಯಲು ಬಾರದು. ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲ ಎಂದು ಕೇಳುವ ಧೈರ್ಯವೂ ಇಲ್ಲ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕೋಣೆಯಲ್ಲಿ ಒಬ್ಬನೇ ಕುಳಿತು ತಿಂದುದನ್ನು ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಮುಂದೆ ಮಾಂಸವಿಲ್ಲದೆ ಬದುಕಲಾಗದು ಎಂದು ಹಿತ ನುಡಿದ ಸಹಪ್ರಯಾಣಿಕನ ಮಾತನ್ನು ಅವರು ಕೇಳಲಿಲ್ಲ; ತಾಯಿಗೆ ಕೊಟ್ಟ ಮಾತು ಉಳಿಯಿತು. ಅವರಿಗೂ ಮೊದಲಿನ ಕಾಲದಲ್ಲಿ ದೊಡ್ಡ ಆಂಗ್ಲ ಹಡಗುಗಳ ಟಿಕೆಟ್ಟಿನಲ್ಲಿ ಮದ್ಯದ ಬೆಲೆಯೂ ಸೇರಿರುತ್ತಿತ್ತು. ಕುಡಿಯದವನು ಕುಡಿಯುವವನಿಗಾಗಿ ತೆರಬೇಕು. ಇಂದಿನ ನಮೂನೆಯ ಕಾಗದ ಹಳೆಯ ವಿಷಯದ ಹೊಸ ಮುದ್ರಣ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ತುರುವೇಕೆರೆಯ ಕಡೆಯ ನಮ್ಮ ಹಳ್ಳಿಯಿಂದ ನನ್ನ ತಾತನ ತಮ್ಮ 1921ರಲ್ಲಿ ಓದಿಗೆಂದು ವಿಲಾಯತಿಗೆ ಹೊರಟರು. ಅಜ್ಜಿ, ಎಂದರೆ ಅವರ ಅತ್ತಿಗೆ, ಕಟ್ಟಿಕೊಟ್ಟ ಬುತ್ತಿಯಲ್ಲಿ ಇದ್ದದ್ದು ಅವಲಕ್ಕಿ, ಹುರಿಗಡಲೆ, ಕೋಡುಬಳೆ, ಬೆಲ್ಲ, ಮತ್ತು ಒಂದು ಚೀಲ ಕೊಬ್ಬರಿ. ನಮ್ಮ ಸೀಮೆಯ ಉಂಡೆ ಕೊಬ್ಬರಿಯನ್ನು ಬಲ್ಲವರಿಗೆ ಅದರ ಮಹಿಮೆಯನ್ನು ಹೇಳಬೇಕಾಗಿಲ್ಲ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹರಡಿ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದಾಗ ಅದು ಕೊಬ್ಬರಿ. ಬೆಂಕಿ ತಾಗಿಲ್ಲ, ನೀರು ಸೋಂಕಿಲ್ಲ. ಆದುದರಿಂದ ಅದಕ್ಕೆ ಮುಸುರೆಯಿಲ್ಲ. ಯಾರ ಕೈಯಿಂದ ಯಾರ ಕೈಗಾದರೂ ದಾಟಬಹುದು. ಉತ್ತರ ಹಿಂದೂಸ್ಥಾನದ ಹಬ್ಬ ಮದುವೆಗಳಿಗೆ ತಿಪಟೂರಿನ ಕೊಬ್ಬರಿ ಹೋಗುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಚಿಕ್ಕತಾತ ಮೂರು ವಾರ ಅದನ್ನೇ ತಿಂದರು. ಹಡಗಿನಲ್ಲಿ ಬಡಿಸುವ ಕೆಲಸದಲ್ಲಿದ್ದ ಗೋವೆಯವನೊಬ್ಬ ಇವರ ಅವಸ್ಥೆ ಕಂಡು ದಿನವೂ ಬಿಸಿಹಾಲನ್ನೂ ಬೇಯಿಸಿದ ಆಲೂಗಡ್ಡೆಯನ್ನೂ ಕೋಣೆಗೆ ತಂದುಕೊಡುತ್ತಿದ್ದನಂತೆ. ಇವರು ಒಂದು ಹೋಳು ಕೊಬ್ಬರಿ ಕೊಟ್ಟರು. ಅವನು ತಿಂದು, "ನಮ್ಮೂರಿನಲ್ಲೂ ತೆಂಗೇ ದೇವರು. ಆದರೆ ನಮ್ಮದು ಹಸಿ, ನಿಮ್ಮದು ಒಣ" ಎಂದು ನಕ್ಕನಂತೆ. ಅಂದಿನಿಂದ ಇಬ್ಬರೂ ಒಂದೇ ಪೆಟ್ಟಿಗೆಯ ಮೇಲೆ ಕುಳಿತು ಕೊಬ್ಬರಿ ಬೆಲ್ಲ ಹಂಚಿಕೊಳ್ಳುವರು. ಇದನ್ನು ಚಿಕ್ಕತಾತನೇ ಊರಿಗೆ ಬಂದಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು.

ಹೇಳಿದ್ದೇ ತಪ್ಪಾಯಿತು. 1924ರಲ್ಲಿ ಅವರು ಹಿಂತಿರುಗಿದಾಗ ಬೆಂಗಳೂರು, ಮೈಸೂರುಗಳಲ್ಲಿ ಇಂಥ ವಿಷಯಗಳನ್ನು ಕೇಳುವವರು ಕಡಮೆಯಾಗಿದ್ದರು. ನಮ್ಮ ಹಳ್ಳಿಯಲ್ಲಿ ಕಡಮೆಯಾಗಿರಲಿಲ್ಲ. ಪಂಚಗವ್ಯ ತೆಗೆದುಕೊಳ್ಳುವುದಕ್ಕೆ ಅವರು ಒಪ್ಪಲಿಲ್ಲ. "ನಾನು ತಿಂದದ್ದು ನಮ್ಮ ಅಟ್ಟದ ಕೊಬ್ಬರಿ" ಎಂದರು. "ಯಾರ ಜೊತೆ ತಿಂದೆ?" ಎಂದು ಹಿರಿಯರು ಕೇಳಿದರು. ಮನೆಯಲ್ಲಿ ಶ್ರಾದ್ಧದ ಮಾರನೆಯ ದಿನ ನೆಂಟರೆಲ್ಲ ಕೂಡಿದ್ದರು. ಒಳಗೆ ಪಂಕ್ತಿ, ಇವರಿಗೆ ಜಗಲಿಯಲ್ಲಿ ಒಂದು ಎಲೆ. ನನ್ನ ತಂದೆಗೆ ಆಗ ಎಂಟು ವರ್ಷ. ಕಣ್ಣಾರೆ ಕಂಡದ್ದನ್ನು ಅವರು ನನಗೆ ಹೇಳಿದರು. ಅಜ್ಜಿ ಎಲ್ಲರಿಗೂ ಬಡಿಸಿದಳು. ಗಂಡಸರ ಊಟ ಮುಗಿದು ಹೆಂಗಸರ ಎಲೆ ಹಾಕುವ ಹೊತ್ತಿಗೆ ತನ್ನ ಎಲೆಯನ್ನು ಎತ್ತಿಕೊಂಡು ಜಗಲಿಗೆ ಹೋದಳು. ಚಿಕ್ಕತಾತ ಇನ್ನೂ ಅನ್ನ ಕಲಸದೆ ಕುಳಿತಿದ್ದರು. ಅವರ ಎಲೆಯ ಪಕ್ಕದಲ್ಲಿ ತನ್ನ ಎಲೆ ಹಾಕಿಕೊಂಡು, "ಊಟ ಮಾಡು, ಆರಿಹೋಗತ್ತೆ" ಎಂದಳು. ಅಷ್ಟೇ ಮಾತು. ಅಜ್ಜಿ ತನ್ನ ಮಡಿಯನ್ನು ಬಿಡಲಿಲ್ಲ, ಸಾಯುವವರೆಗೂ ಹೊರಗಿನ ಅನ್ನ ಮುಟ್ಟಲಿಲ್ಲ. ಆದರೆ ಆ ಮನೆಯಲ್ಲಿ ಮತ್ತೆ ಯಾರಿಗೂ ಜಗಲಿಯಲ್ಲಿ ಎಲೆ ಬೀಳಲಿಲ್ಲ.

ವಿಹಾರನೌಕೆಯಲ್ಲಿ ಮೊದಲ ರಾತ್ರಿ ಊಟದ ಹಜಾರಕ್ಕೆ ಹೋದೆ. ನಮೂನೆಯಲ್ಲಿ ಶುದ್ಧ ಸಸ್ಯಾಹಾರವೆಂದು ಬರೆದು, ಪ್ರತ್ಯೇಕ ಮೇಜು ಬೇಕೆಂದೂ ಸೇರಿಸಿದ್ದೆ. ಕೇಳಿದಂತೆಯೇ ಕೊಟ್ಟಿದ್ದರು. ಕಿಟಕಿಯ ಪಕ್ಕದಲ್ಲಿ ಒಂಟಿ ಮೇಜು, ಮೊಸರನ್ನ, ಸಾರು, ಪಲ್ಯ, ಯಾವುದರಲ್ಲಿಯೂ ಕೊರತೆಯಿಲ್ಲ. ಹಜಾರದ ಆ ತುದಿಯಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು ಕುಳಿತಿದ್ದರು. ಅಳಿಯನ ತಟ್ಟೆಯಲ್ಲಿ ಮೀನಿತ್ತು, ಲೋಟದಲ್ಲಿ ಅವನು ಆರಿಸಿಕೊಂಡದ್ದಿತ್ತು. ಮೊಮ್ಮಗ ಆಗಾಗ ನನ್ನ ಕಡೆ ತಿರುಗಿ ನೋಡುತ್ತಿದ್ದ. ಮೊಸರನ್ನ ಗಂಟಲಲ್ಲಿ ಇಳಿಯಲಿಲ್ಲ. ಚಿಕ್ಕತಾತನನ್ನು ಊರಿನವರು ಜಗಲಿಗೆ ಕಳುಹಿಸಿದ್ದರು; ನಾನು ಹಣ ತೆತ್ತು, ಸಹಿ ಹಾಕಿ, ನನ್ನ ಜಗಲಿಯನ್ನು ನಾನೇ ಆರಿಸಿಕೊಂಡಿದ್ದೆ. ಏನು ತಿನ್ನಬೇಕೆಂಬುದು ಒಂದು ಆಯ್ಕೆ, ಯಾರ ಜೊತೆಗೆ ಕೂರಬೇಕೆಂಬುದು ಇನ್ನೊಂದು. ಎರಡಕ್ಕೂ ಒಂದೇ ಗೆರೆ ಎಳೆದುಕೊಂಡು ಬಂದದ್ದು ನಮ್ಮ ಹಳೆಯ ತಪ್ಪು. ಅಜ್ಜಿಗೆ ಇದು ಯಾವ ಶಾಸ್ತ್ರವೂ ಇಲ್ಲದೆ ತಿಳಿದಿತ್ತು.

ತಟ್ಟೆ ಎತ್ತಿಕೊಂಡು ಎದ್ದೆ. ಬಡಿಸುವ ಹುಡುಗ ಏನೋ ತಪ್ಪಾಯಿತೆಂದು ಓಡಿಬಂದ. ಏನಿಲ್ಲಪ್ಪ ಎಂದು ಹೇಳಿ ಆ ತುದಿಗೆ ಹೋದೆ. ಮಗಳು ಏನನ್ನೂ ಕೇಳದೆ ಕುರ್ಚಿ ಸರಿಸಿದಳು. ನನ್ನ ಮೊಸರನ್ನವನ್ನು ನಾನು ತಿಂದೆ. ಅವರದನ್ನು ಅವರು ತಿಂದರು. ಊಟವಾದ ಮೇಲೆ ಜೇಬಿನಿಂದ ಊರಿನ ಕೊಬ್ಬರಿ ಬೆಲ್ಲದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಅದು ಎಲ್ಲರ ಕೈಗೂ ಹೋಯಿತು.