ಐದು ಡಾಲರ್ ಕೂಲಿಯ ಕಥೆ

ನಮ್ಮ ಆಫೀಸಿನಲ್ಲೀಗ ಅಪ್ರೈಸಲ್ ಕಾಲ. ಕ್ಯಾಂಟೀನಿನಲ್ಲಿ ಎಲ್ಲಿ ಕೂತರೂ "ನಿಂಗೆಷ್ಟು ಪರ್ಸೆಂಟ್ ಬಂತು?" ಅನ್ನೋ ಒಂದೇ ಮಾತು. ಮೊನ್ನೆ ಪಕ್ಕದ ಸೀಟಿನ ಗೆಳೆಯ ರಾಜೀನಾಮೆ ಕೊಟ್ಟ. ಹಿಂದಿನ ದಿನದವರೆಗೂ "ಬಜೆಟ್ ಇಲ್ಲ" ಎನ್ನುತ್ತಿದ್ದ ಮ್ಯಾನೇಜರ್ ಅರ್ಧ ಗಂಟೆಯಲ್ಲಿ ಬಜೆಟ್ ಹುಡುಕಿಬಿಟ್ಟರು! ನನಗೆ ತಕ್ಷಣ ನೆನಪಾದವನು ಹೆನ್ರಿ ಫೋರ್ಡ್.

1913ರಲ್ಲಿ ಫೋರ್ಡ್ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರುಮಾಡಿದ. ಹನ್ನೆರಡು ಗಂಟೆ ಹಿಡಿಯುತ್ತಿದ್ದ ಮಾಡೆಲ್ ಟಿ ಕಾರಿನ ಜೋಡಣೆ, ಮರುವರ್ಷದ ಹೊತ್ತಿಗೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ದಿನವಿಡೀ ಒಂದೇ ಬೋಲ್ಟು ತಿರುಗಿಸುತ್ತಾ ನಿಲ್ಲುವ ಕೆಲಸ ಯಾರಿಗೆ ಬೇಕು? ಜನ ಬಿಟ್ಟು ಓಡತೊಡಗಿದರು. ಸುಮಾರು 14,000 ಜನರ ಕಾರ್ಖಾನೆ ನಡೆಸಲು ಆ ಒಂದೇ ವರ್ಷ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ನಮ್ಮ ಎಚ್ಆರ್ ಭಾಷೆಯಲ್ಲಿ ಹೇಳುವುದಾದರೆ, ಅಟ್ರಿಷನ್ 370%!

1914ರ ಜನವರಿ 5ರಂದು ಕಂಪನಿ ದಿನಗೂಲಿಯನ್ನು ಸುಮಾರು 2.34 ಡಾಲರಿನಿಂದ 5 ಡಾಲರಿಗೆ ಏರಿಸಿತು. ಕೆಲಸದ ಅವಧಿ 9 ಗಂಟೆಯಿಂದ 8ಕ್ಕೆ ಇಳಿಯಿತು. ಕೆಲಸಗಾರರೇ ಕಾರು ಕೊಳ್ಳಲಿ ಅಂತ ಫೋರ್ಡ್ ಹೀಗೆ ಮಾಡಿದ ಎಂಬ ಕಥೆ ನೀವೂ ಕೇಳಿರುತ್ತೀರಿ. ಲಕ್ಷಗಟ್ಟಲೆ ಕಾರು ಮಾರುವವನಿಗೆ 14,000 ಗಿರಾಕಿಗಳು ಯಾವ ಲೆಕ್ಕ? ಅವನಿಗೆ ಬೇಕಿದ್ದದ್ದು ಜನ ಬಿಟ್ಟು ಹೋಗದಿರುವುದು. ಅದು ಫಲಿಸಿತು. ಖರ್ಚು ಉಳಿಸಲು ತಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅಂತ ಮುಂದೆ ಅವನೇ ಬರೆದುಕೊಂಡ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಆ ಐದು ಡಾಲರಿನಲ್ಲಿ ಸುಮಾರು ಅರ್ಧ ಮಾತ್ರ ಸಂಬಳ, ಮಿಕ್ಕಿದ್ದು 'ಲಾಭದ ಪಾಲು'. ಅದನ್ನು ಪಡೆಯಲು ಯೋಗ್ಯರೋ ಅಲ್ಲವೋ ಅಂತ ಕಂಪನಿಯವರು ಮನೆಗೇ ಬಂದು ನೋಡುತ್ತಿದ್ದರು: ಕುಡಿಯುತ್ತಾನಾ, ಹಣ ಉಳಿಸುತ್ತಾನಾ, ಮನೆ ಚೊಕ್ಕಟವಾಗಿದೆಯಾ... ಹೆಂಗಸರಿಗಂತೂ ಮೊದಮೊದಲು ಈ ಐದು ಡಾಲರ್ ಇರಲೇ ಇಲ್ಲ. ಕಾರ್ಮಿಕ ಸಂಘವನ್ನು ಫೋರ್ಡ್ ಒಪ್ಪಿಕೊಂಡದ್ದು 1941ರಲ್ಲಿ, ಅದೂ ಮುಷ್ಕರವಾದ ಮೇಲೆ.

ದೊಡ್ಡ ಕಂಪನಿಗಳು ಸಂಬಳ ಏರಿಸಬೇಕೇ? ಏರಿಸಬೇಕು ಅಂತಲೇ ನನ್ನ ಅಭಿಪ್ರಾಯ. ಏರಿಸಿದವನಿಗೆ ನಷ್ಟವಾಗಲಿಲ್ಲ ಅನ್ನುವುದಕ್ಕೆ ಫೋರ್ಡನೇ ಸಾಕ್ಷಿ. ಆದರೆ ಧಣಿ ತಾನಾಗಿ ಕೊಟ್ಟದ್ದಕ್ಕೆ ಧಣಿಯದೇ ಷರತ್ತು. ಅದೂ ಸಿಗುವುದು ಬಿಟ್ಟು ಹೋಗಬಲ್ಲವರಿಗೆ ಮಾತ್ರ.

ನನ್ನ ಗೆಳೆಯ ಬಿಟ್ಟು ಹೋಗಬಲ್ಲವನಾಗಿದ್ದ. ಬೆಳಿಗ್ಗೆ ನಾವು ಬರುವ ಮೊದಲೇ ನಮ್ಮ ಮಹಡಿ ಗುಡಿಸಿ ಒರೆಸುವ ಅಕ್ಕ ಕಾಂಟ್ರಾಕ್ಟ್ ಕೆಲಸದವರು. ಅವರು ರಾಜೀನಾಮೆ ಕೊಡುತ್ತೇನೆಂದರೆ ಅರ್ಧ ಗಂಟೆಯಲ್ಲಿ ಬಜೆಟ್ ಹುಡುಕುವವರು ಯಾರು? ಹೇಳಿ ನೋಡೋಣ.