ಪುಣೆ–ಹುಬ್ಬಳ್ಳಿ ರೈಲುಮಾರ್ಗ: ಗಡಿಸೀಮೆಯ ಒಂದು ಸಾಂಸ್ಕೃತಿಕ ಇತಿಹಾಸ

ಕರ್ನಾಟಕ–ಮಹಾರಾಷ್ಟ್ರ ಗಡಿಸೀಮೆಯ ಚರಿತ್ರೆಯನ್ನು ಶಾಸನಗಳು, ಜನಗಣತಿಯ ಅಂಕಿಗಳು ಹಾಗೂ ಆಯೋಗಗಳ ವರದಿಗಳ ನೆಲೆಯಿಂದ ಬರೆಯುವುದು ರೂಢಿ. ಈ ಆಕರಗಳು ಜನರನ್ನು ಒಂದೆಡೆ ನೆಲೆನಿಂತವರೆಂದು ಭಾವಿಸುತ್ತವೆ. ಚಲಿಸುವ ಜನರು ಅವುಗಳ ಲೆಕ್ಕಕ್ಕೆ ಸಿಗುವುದಿಲ್ಲ. ಆದುದರಿಂದ ಪುಣೆಯಿಂದ ಮಿರಜ, ಬೆಳಗಾವಿ, ಧಾರವಾಡಗಳ ಮೂಲಕ ಹುಬ್ಬಳ್ಳಿಗೆ ಸಾಗುವ ರೈಲುಮಾರ್ಗವನ್ನೇ ಒಂದು ಆಕರವನ್ನಾಗಿ ಇಲ್ಲಿ ಪರಿಶೀಲಿಸಬಯಸುತ್ತೇವೆ.

1876–78ರ ಭೀಕರ ಕ್ಷಾಮದಲ್ಲಿ ಧಾನ್ಯವಿದ್ದ ಕಡೆಯಿಂದ ಹಸಿದವರ ಕಡೆಗೆ ಅದನ್ನು ಸಾಗಿಸುವುದು ಬಹಳ ಕಷ್ಟವಾಗಿತ್ತು. ಈ ಅನುಭವದ ಹಿನ್ನೆಲೆಯಲ್ಲಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪಿತವಾಯಿತು. ಧಾರವಾಡ ಸೀಮೆಯ ಹತ್ತಿಯ ಸಾಗಣೆಯೂ ಅದರ ಉದ್ದೇಶಗಳಲ್ಲೊಂದು. 1890ರ ಹೊತ್ತಿಗೆ ಪುಣೆ ಈ ಮಾರ್ಗಕ್ಕೆ ಸೇರಿತು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ 1890ರಲ್ಲೇ. ಇದು ಕಾಕತಾಳೀಯವಿರಬಹುದು, ಆದರೆ ಎರಡೂ ಒಂದೇ ಕಾಲದ ಒತ್ತಡಗಳಿಗೆ ದೊರೆತ ಉತ್ತರಗಳೆಂಬುದನ್ನು ಮರೆಯಲಾಗದು.

ಮುಂಬಯಿ–ಪುಣೆ ನಡುವೆ ಬ್ರಾಡ್‌ಗೇಜ್ ಹಳಿಯಿದ್ದರೆ ಪುಣೆಯಿಂದ ದಕ್ಷಿಣಕ್ಕೆ ಮೀಟರ್‌ಗೇಜ್ ಇತ್ತು. ಮುಂಬಯಿಗೆ ಹೊರಟ ಕನ್ನಡಿಗ ಪುಣೆಯಲ್ಲಿ ಇಳಿದು ಗಾಡಿ ಬದಲಿಸಲೇಬೇಕಿತ್ತು. ದಾರಿಯುದ್ದಕ್ಕೂ ಬ್ರಿಟಿಷ್ ಆಡಳಿತದ ಜಿಲ್ಲೆಗಳೂ ಔಂಧ, ಮಿರಜ ಮೊದಲಾದ ಸಂಸ್ಥಾನಗಳೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ತಮ್ಮ ಕಾರ್ಖಾನೆಯನ್ನು ಔಂಧ ಸಂಸ್ಥಾನದ ಕುಂಡಲ್ ರೋಡ್ ನಿಲ್ದಾಣದ ಬಳಿ ಹೂಡಿದರು. ಆ ನಿಲ್ದಾಣವೇ ಮುಂದೆ ಕಿರ್ಲೋಸ್ಕರವಾಡಿಯಾಯಿತು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಅದಕ್ಕೆ ಮೊದಲು ಪದವಿ ಬಯಸಿದ ಇಲ್ಲಿನ ತರುಣರು ಬಹುಮಟ್ಟಿಗೆ ಪುಣೆಯ ಅಥವಾ ಮುಂಬಯಿಯ ಗಾಡಿ ಹಿಡಿಯಬೇಕಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಅಲ್ಲಿಯೇ. ತಿಲಕರ ಪುಣೆಯನ್ನು ಕಣ್ಣಾರೆ ಕಂಡ ಆಲೂರರೇ ಕರ್ನಾಟಕ ಏಕೀಕರಣದ ಪ್ರಮುಖ ಪ್ರತಿಪಾದಕರಾದರು. ಪರಸ್ಥಳದ ಪ್ರಯಾಣವು ಸ್ವಸ್ಥಳದ ಪ್ರಜ್ಞೆಯನ್ನು ಹರಿತಗೊಳಿಸಿತು ಎಂದು ನಾವು ಭಾವಿಸುತ್ತೇವೆ.

ಸಂಗೀತದ ಹಾದಿ ಇದಕ್ಕಿಂತ ಭಿನ್ನ. ಅಬ್ದುಲ್ ಕರೀಂ ಖಾನರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿ, ಅನಂತರ ಮಿರಜದಲ್ಲಿ ನೆಲೆಸಿದರು. ಅವರ ಶಿಷ್ಯ, ಕುಂದಗೋಳದ ರಾಮಚಂದ್ರರಾಯರು ಮರಾಠಿ ರಂಗಭೂಮಿಯಲ್ಲಿ 'ಸವಾಯಿ ಗಂಧರ್ವ'ರೆಂದು ಹೆಸರಾಗಿ ಮತ್ತೆ ಕುಂದಗೋಳಕ್ಕೇ ಮರಳಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಪಾಠ ಕಲಿತರು. 1933ರಲ್ಲಿ ಹನ್ನೊಂದು ವರ್ಷದ ಭೀಮಸೇನ ಜೋಶಿ ಗುರುವನ್ನರಸಿ ಮನೆ ಬಿಟ್ಟರು. ಸಹಪ್ರಯಾಣಿಕರ ನೆರವಿನಿಂದ ಪುಣೆ ಸೇರಿ, ಅಲ್ಲಿಂದ ಗ್ವಾಲಿಯರಿಗೆ ಹೋಗಿ, ಉತ್ತರದ ಹಲವು ನಗರಗಳಲ್ಲಿ ಅಲೆದರು. ತಂದೆಗೆ ಅವರು ಸಿಕ್ಕಿದ್ದು ಜಲಂಧರದಲ್ಲಿ. ಅರಸಿದ ಗುರು ದೊರೆತದ್ದು ಮಾತ್ರ ಮನೆಗೆ ಸಮೀಪದ ಕುಂದಗೋಳದಲ್ಲಿ. ಮುಂದೆ ಪುಣೆಯಲ್ಲೇ ನೆಲೆಸಿದ ಅವರು ಗುರುವಿನ ಸ್ಮರಣೆಗಾಗಿ 1953ರಲ್ಲಿ ಆರಂಭವಾದ ಉತ್ಸವವನ್ನು ದೇಶವಿಖ್ಯಾತಗೊಳಿಸಿದರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಮಿರಜ ಮತ್ತು ಶೇಡಬಾಳಗಳ ನಡುವೆ ಗಡಿ ಬಿದ್ದಿತು. ಏಕೀಕರಣ ನ್ಯಾಯವಾದ ಬೇಡಿಕೆಯೇ ಆಗಿತ್ತು; ಕನ್ನಡಿಗನಿಗೆ ತನ್ನ ಭಾಷೆಯ ಆಡಳಿತ, ಶಿಕ್ಷಣಗಳು ದೊರೆಯಬೇಕಿದ್ದವು. ಆದರೆ ಗಡಿ ಬಿದ್ದ ಮೇಲೆ ಚರಿತ್ರೆಯ ಬರಹವೂ ಇಬ್ಭಾಗವಾಯಿತು. ಪುಣೆಯ ಸಂಗೀತಚರಿತ್ರೆಯಲ್ಲಿ ಕುಂದಗೋಳವು ಹುಟ್ಟೂರಿನ ಉಲ್ಲೇಖವಾಗಿ ಉಳಿದರೆ, ಧಾರವಾಡದ ಸಾಹಿತ್ಯಚರಿತ್ರೆಯಲ್ಲಿ ಪುಣೆ ಪದವಿ ಪಡೆದ ಊರಾಗಿಯಷ್ಟೇ ಉಳಿಯುವ ಅಪಾಯವಿದೆ. ನಷ್ಟ ಎರಡೂ ಕಡೆಗೆ.

1970ರ ದಶಕದ ಆರಂಭದಲ್ಲಿ ಪುಣೆ–ಮಿರಜ ಹಳಿಯೂ 1990ರ ದಶಕದಲ್ಲಿ ಮಿರಜದಿಂದ ದಕ್ಷಿಣದ ಹಳಿಯೂ ಬ್ರಾಡ್‌ಗೇಜಾದವು. ಈಗ ನಡುದಾರಿಯಲ್ಲಿ ಗಾಡಿ ಬದಲಿಸಬೇಕಾಗಿಲ್ಲ. ಅಖಂಡವಾದ ಈ ಹಳಿಗೆ ತಕ್ಕ ಅಖಂಡ ಚರಿತ್ರೆಯನ್ನು ರಚಿಸಲು ಕನ್ನಡ, ಮರಾಠಿ ಆಕರಗಳೆರಡನ್ನೂ ಬಲ್ಲ ಸಂಶೋಧಕರು ಬೇಕು. ಗಡಿಸೀಮೆಯ ವಿಶ್ವವಿದ್ಯಾಲಯಗಳು ಈ ಕಾರ್ಯವನ್ನು ಜೊತೆಯಾಗಿ ಕೈಗೊಳ್ಳುವುದು ಅಗತ್ಯ.