ಬೆಸುಗೆ ಕಲಿಕೆಯಲ್ಲಿ ಪುಸ್ತಕಗಳು

ಬೆಸುಗೆ ಅಥವಾ ವೆಲ್ಡಿಂಗ್ ಎಂಬುದು ಲೋಹದ ಭಾಗಗಳನ್ನು ಶಾಖದಿಂದ, ಕೆಲವು ವಿಧಾನಗಳಲ್ಲಿ ಒತ್ತಡದಿಂದ, ಒಂದಾಗಿ ಕೂಡಿಸುವ ಕಸುಬು. ಈ ಕಸುಬನ್ನು ಕಲಿಯುವವರಿಗಾಗಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಪಠ್ಯಪುಸ್ತಕಗಳು, ಕೈಪಿಡಿಗಳು ಮತ್ತು ಮಾನಕ ಗ್ರಂಥಗಳು ರಚನೆಯಾಗುತ್ತ ಬಂದಿವೆ. ಬೆಸುಗೆಗೆ ಬೇಕಾದ ಕೈಹದ ಅಭ್ಯಾಸದಿಂದ ಮಾತ್ರ ಬರುತ್ತದೆ. ಆದರೆ ಬೆಸುಗೆಯ ಹಲವು ದೋಷಗಳೂ ಅಪಾಯಗಳೂ ಕೆಲಸ ಮಾಡುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇಂತಹ ವಿಷಯಗಳನ್ನು ತಿಳಿಯುವುದಕ್ಕೆ ಪುಸ್ತಕಗಳು ಮುಖ್ಯ ಆಧಾರವಾಗಿವೆ.

ಇತಿಹಾಸ

ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ಬೆಸೆಯುವ ವಿದ್ಯೆ ಪ್ರಾಚೀನವಾದುದು. ಅದು ಕಮ್ಮಾರರ ಮನೆತನಗಳಲ್ಲಿ ಕೆಲಸ ಮಾಡುತ್ತಲೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಿಬಂದಿತು. 1880ರ ದಶಕದಲ್ಲಿ ನಿಕೊಲಾಯ್ ಬೆನಾರ್ಡೋಸ್ ಅವರು ಇಂಗಾಲದ ಕಡ್ಡಿಯಿಂದ ವಿದ್ಯುತ್ ಆರ್ಕ್ ಹೊತ್ತಿಸಿ ಲೋಹವನ್ನು ಬೆಸೆಯುವ ವಿಧಾನವನ್ನು ರೂಪಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್ಬರಿ ಅವರು ಲೇಪನವುಳ್ಳ ವೆಲ್ಡಿಂಗ್ ರಾಡನ್ನು ಬಳಕೆಗೆ ತಂದರು. ವಿದ್ಯುತ್ತು ಮತ್ತು ರಸಾಯನಶಾಸ್ತ್ರಗಳನ್ನು ಅವಲಂಬಿಸಿದ ಈ ಹೊಸ ಕಸುಬನ್ನು ಕಲಿಸಲು ಹಳೆಯ ಪರಂಪರೆಯಷ್ಟೇ ಸಾಲದಾಯಿತು.

1919ರಲ್ಲಿ ಅಮೆರಿಕನ್ ವೆಲ್ಡಿಂಗ್ ಸೊಸೈಟಿ ಸ್ಥಾಪನೆಯಾಯಿತು. ಲಿಂಕನ್ ಎಲೆಕ್ಟ್ರಿಕ್ ಕಂಪನಿಯ ಆರ್ಕ್ ವೆಲ್ಡಿಂಗ್ ಕೈಪಿಡಿ 1933ರಲ್ಲಿಯೂ ಸೊಸೈಟಿಯ ‘ವೆಲ್ಡಿಂಗ್ ಹ್ಯಾಂಡ್‌ಬುಕ್’ 1938ರಲ್ಲಿಯೂ ಮೊದಲ ಬಾರಿಗೆ ಪ್ರಕಟವಾದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಕಟ್ಟೆಗಳಲ್ಲಿ ರಿವೆಟ್ಟುಗಳ ಬದಲಿಗೆ ಬೆಸುಗೆಯಿಂದ ಹಡಗುಗಳನ್ನು ಕಟ್ಟಲಾಯಿತು. 1943ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡ್‌ನ ಕಟ್ಟೆಯಲ್ಲಿ ನಿಂತಿದ್ದ ಸ್ಕೆನೆಕ್ಟಡಿ ಎಂಬ ತೈಲವಾಹಕ ಹಡಗು ಶಾಂತವಾದ ನೀರಿನಲ್ಲಿಯೇ ಬಿರುಕುಬಿಟ್ಟು ಬಹುತೇಕ ಎರಡಾಯಿತು. ಇಂತಹ ಘಟನೆಗಳ ಪರಿಶೀಲನೆಯಿಂದ ಚಳಿಯಲ್ಲಿ ಉಕ್ಕು ಪೆಡಸಾಗುವುದು, ಚೂಪಾದ ಮೂಲೆಗಳಲ್ಲಿ ಒತ್ತಡ ಸೇರುವುದು ಮತ್ತು ಬೆಸುಗೆಯ ದೋಷಗಳು ಇವೆಲ್ಲ ಕಾರಣಗಳೆಂದು ತಿಳಿದುಬಂದಿತು. ಹೊರಗಿನಿಂದ ಅಂದವಾಗಿ ಕಾಣುವ ಬೆಸುಗೆಯೂ ಮುರಿಯಬಲ್ಲದು ಎಂಬ ಈ ಅರಿವು ಮುಂದಿನ ಪಠ್ಯಗಳಲ್ಲಿ ಮುಖ್ಯ ಸ್ಥಾನ ಪಡೆಯಿತು.

ಪುಸ್ತಕಗಳ ವಿಧಗಳು

ಬೆಸುಗೆಗೆ ಸಂಬಂಧಿಸಿದ ಬರಹಗಳನ್ನು ಸ್ಥೂಲವಾಗಿ ನಾಲ್ಕು ವಿಧಗಳಾಗಿ ವಿಂಗಡಿಸಬಹುದು.

ಪಠ್ಯಪುಸ್ತಕಗಳು: ಉಪಕರಣಗಳ ಪರಿಚಯದಿಂದ ಆರಂಭಿಸಿ ಕ್ರಮವಾದ ಅಭ್ಯಾಸಪಾಠಗಳನ್ನು ಒಳಗೊಂಡಿರುತ್ತವೆ.

ಕೈಪಿಡಿಗಳು: ತಟ್ಟೆಯ ದಪ್ಪ, ರಾಡಿನ ಅಳತೆ, ವಿದ್ಯುತ್ ಪ್ರವಾಹ ಮುಂತಾದವುಗಳ ಕೋಷ್ಟಕಗಳನ್ನು ಕೊಡುತ್ತವೆ. ಇವು ಆದಿಯಿಂದ ಅಂತ್ಯದವರೆಗೆ ಓದುವುದಕ್ಕಿಂತ ಬೇಕಾದಾಗ ತೆರೆದು ನೋಡುವುದಕ್ಕೆ ಉಪಯುಕ್ತ.

ಮಾನಕಗಳು: ರಾಡುಗಳ ವರ್ಗೀಕರಣ, ನಕ್ಷೆಯ ಸಂಕೇತಗಳು ಮತ್ತು ಪರೀಕ್ಷಾ ಕ್ರಮಗಳನ್ನು ಗೊತ್ತುಪಡಿಸುತ್ತವೆ.

ತಯಾರಕರ ಕೈಹೊತ್ತಗೆಗಳು: ನಿರ್ದಿಷ್ಟ ಯಂತ್ರ ಅಥವಾ ರಾಡಿನ ಬಳಕೆಯನ್ನು ವಿವರಿಸುತ್ತವೆ.

ಪುಸ್ತಕದಿಂದ ಕಲಿಯಬಹುದಾದ ವಿಷಯಗಳು

ಸುರಕ್ಷತೆ

ಬೆಸುಗೆಯ ಅಪಾಯಗಳಲ್ಲಿ ಕೆಲವು ತಡವಾಗಿ ಪ್ರಕಟವಾಗುತ್ತವೆ. ಆರ್ಕಿನ ನೇರಳಾತೀತ ಕಿರಣಗಳು ಕಣ್ಣಿನ ಪೊರೆಯನ್ನು ಸುಟ್ಟರೆ ನೋವು ಕೆಲವು ಗಂಟೆಗಳ ನಂತರ, ಹಲವು ವೇಳೆ ರಾತ್ರಿ, ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ರಾಡ್ ಬೆಸುಗೆಗೆ 10ರಿಂದ 12ನೆಯ ಸಂಖ್ಯೆಯ ಕಪ್ಪು ಗಾಜನ್ನು ಸೂಚಿಸಲಾಗುತ್ತದೆ. ಸತುವಿನ ಲೇಪನವಿರುವ ಜಿಐ ಕೊಳವೆ ಅಥವಾ ತಗಡನ್ನು ಬೆಸೆದಾಗ ಏಳುವ ಹೊಗೆಯಿಂದ ಚಳಿಜ್ವರದಂತಹ ಲಕ್ಷಣಗಳು ಬರುತ್ತವೆ. ಇದೂ ಗಂಟೆಗಳ ನಂತರ ಕಾಣಿಸಿಕೊಳ್ಳುವುದರಿಂದ ಕಾರಣವನ್ನು ಗುರುತಿಸುವುದು ಕಷ್ಟ.

ಇನ್ನು ಕೆಲವು ಅಪಾಯಗಳು ಮೊದಲ ತಪ್ಪಿಗೇ ಪ್ರಾಣ ತೆಗೆಯಬಲ್ಲವು. ಆಮ್ಲಜನಕದ ಸಿಲಿಂಡರಿನ ಕವಾಟಕ್ಕೆ ಎಣ್ಣೆ ಅಥವಾ ಗ್ರೀಸ್ ತಾಗಿಸಬಾರದು. ಅಧಿಕ ಒತ್ತಡದ ಆಮ್ಲಜನಕದಲ್ಲಿ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು. ಅಸಿಟಿಲೀನ್ ಅನಿಲವನ್ನು ಸುಮಾರು 1 ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿ ಹರಿಯಬಿಡಬಾರದು; ಅದು ವಿಘಟನೆಗೊಂಡು ಸಿಡಿಯುವ ಸಂಭವವಿದೆ. ತೈಲವಿದ್ದ ಪೀಪಾಯಿ ಬರಿದಾಗಿ ಕಂಡರೂ ಒಳಗೆ ಉಳಿದ ಆವಿಯಿಂದ ಸ್ಫೋಟಿಸಬಹುದು. ಮುಚ್ಚಿದ ತೊಟ್ಟಿಯಲ್ಲಿ ಆರ್ಗಾನ್ ತುಂಬಿದರೆ ಯಾವ ವಾಸನೆಯೂ ಇಲ್ಲದೆ ಉಸಿರುಗಟ್ಟುತ್ತದೆ. ಇಂತಹ ವಿಷಯಗಳನ್ನು ಅನುಭವದಿಂದ ಕಲಿಯುವಂತಿಲ್ಲ, ಮುಂಚಿತವಾಗಿಯೇ ತಿಳಿದಿರಬೇಕಾಗುತ್ತದೆ.

ರಾಡುಗಳ ಸಂಕೇತ

ಅಮೆರಿಕನ್ ವರ್ಗೀಕರಣದ ಇ6013 ಎಂಬ ಗುರುತಿನಲ್ಲಿ 60 ಎಂಬುದು ಬೆಸುಗೆಯ ಲೋಹದ ಕನಿಷ್ಠ ಕರ್ಷಣ ಬಲವನ್ನು, ಅಂದರೆ ಪ್ರತಿ ಚದರ ಇಂಚಿಗೆ 60,000 ಪೌಂಡ್ ಎಂಬುದನ್ನು ಸೂಚಿಸುತ್ತದೆ. ನಂತರದ 1 ಎಂಬುದು ಎಲ್ಲ ಭಂಗಿಗಳಲ್ಲಿ ಬಳಸಬಹುದೆಂಬುದನ್ನೂ, ಕೊನೆಯ ಅಂಕಿಯು ಅದರೊಡನೆ ಸೇರಿ ಲೇಪನದ ಬಗೆ ಮತ್ತು ವಿದ್ಯುತ್ತಿನ ಬಗೆಯನ್ನೂ ತಿಳಿಸುತ್ತದೆ. ಭಾರತದಲ್ಲಿ ಇದೇ ಉದ್ದೇಶಕ್ಕೆ ಐಎಸ್ 814 ಮಾನಕವಿದೆ. ಸಂಕೇತ ಓದಬಲ್ಲವನು ಅಂಗಡಿಯವನ ಮಾತನ್ನಷ್ಟೇ ನಂಬಿ ರಾಡ್ ಕೊಳ್ಳಬೇಕಾಗಿಲ್ಲ.

ಲೋಹದ ಒಳಗಿನ ಬದಲಾವಣೆ

ತೇವ ಹೀರಿದ ರಾಡಿನಿಂದ ಜಲಜನಕವು ಬೆಸುಗೆಯನ್ನು ಸೇರುತ್ತದೆ. ಗಡಸು ಉಕ್ಕಿನಲ್ಲಿ ಇದರಿಂದ ಹುಟ್ಟುವ ಬಿರುಕು ಗಂಟೆಗಳು ಅಥವಾ ದಿನಗಳ ನಂತರ ತೆರೆದುಕೊಳ್ಳಬಹುದು. ಆ ವೇಳೆಗೆ ಬಣ್ಣ ಬಳಿದು ವಸ್ತುವನ್ನು ಗಿರಾಕಿಗೆ ಒಪ್ಪಿಸಿಯೂ ಆಗಿರುತ್ತದೆ. ಈ ಕಾರಣದಿಂದ ಇ7018ರಂತಹ ಕಡಿಮೆ ಜಲಜನಕದ ರಾಡುಗಳನ್ನು ಬಿಸಿ ಪೆಟ್ಟಿಗೆಯಲ್ಲಿಡುವ ಹಾಗೂ ದಪ್ಪ ಉಕ್ಕನ್ನು ಮೊದಲೇ ಕಾಯಿಸುವ ಕ್ರಮವಿದೆ. ಕಾರಣ ತಿಳಿಯದ ಕೆಲಸಗಾರನಿಗೆ ಇವು ಅನಗತ್ಯ ವಿಳಂಬವಾಗಿ ತೋರುವ ಸಾಧ್ಯತೆ ಹೆಚ್ಚು.

ನಕ್ಷೆಗಳ ಓದು

ಬೆಸುಗೆಯ ಬಗೆ, ಅಳತೆ ಮತ್ತು ಬದಿಯನ್ನು ನಕ್ಷೆಯಲ್ಲಿ ಸಂಕೇತಗಳಿಂದ ತೋರಿಸಲಾಗುತ್ತದೆ. ಅಮೆರಿಕನ್ ಪದ್ಧತಿಯಲ್ಲಿ ಗೆರೆಯ ಕೆಳಗಿನ ಗುರುತು ಬಾಣ ತೋರುವ ಬದಿಗೆ ಸಂಬಂಧಿಸಿದ್ದು. ಐಎಸ್ಒ 2553ರ ಒಂದು ಪದ್ಧತಿಯಲ್ಲಿ ಬದಿಯನ್ನು ತುಂಡುಗೆರೆಯ ನೆರವಿನಿಂದ ಗುರುತಿಸಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಬೆಸುಗೆಯು ತಪ್ಪು ಬದಿಗೆ ಬೀಳುತ್ತದೆ.

ಮಿತಿಗಳು

ಆರ್ಕ್ ಹೊತ್ತಿಸುವುದು, ರಾಡ್ ಸವೆದಂತೆಲ್ಲ ಕೈಯನ್ನು ಇಳಿಸುತ್ತ ಒಂದೇ ಅಂತರ ಕಾಯುವುದು, ಕರಗಿದ ಲೋಹದ ಮಡುವನ್ನು ಅದರ ಮೇಲೆ ತೇಲುವ ಕಿಟ್ಟದಿಂದ ಬೇರೆಯಾಗಿ ಗುರುತಿಸುವುದು, ತಲೆಯ ಮೇಲಿನ ಭಂಗಿಯಲ್ಲಿ ಹನಿ ಜಾರದಂತೆ ನೋಡಿಕೊಳ್ಳುವುದು, ಇವು ಬರಿಯ ಓದಿನಿಂದ ಬರುವುದಿಲ್ಲ. ಅಂತರ ಸರಿಯಿದ್ದಾಗ ಕೇಳುವ ಸದ್ದನ್ನು ಕಾದ ಎಣ್ಣೆಯಲ್ಲಿ ಏನನ್ನಾದರೂ ಕರಿಯುವಾಗಿನ ಚಟಪಟ ಸದ್ದಿಗೆ ಹೋಲಿಸುವುದು ವಾಡಿಕೆ. ಹೋಲಿಕೆಯನ್ನು ಓದಿದವನೂ ಆ ಸದ್ದನ್ನು ಕೇಳಿಯೇ ಗುರುತಿಸಬೇಕಾಗುತ್ತದೆ. ಮಾತಿನಲ್ಲಿ ಪೂರ್ತಿಯಾಗಿ ಹೇಳಲಾಗದ ಇಂತಹ ತಿಳಿವಳಿಕೆಯನ್ನು ತತ್ತ್ವಜ್ಞ ಮೈಕೆಲ್ ಪೊಲಾನಿ ಅವರು 1966ರಲ್ಲಿ ಪ್ರಕಟವಾದ ‘ದ ಟ್ಯಾಸಿಟ್ ಡೈಮೆನ್ಷನ್’ ಕೃತಿಯಲ್ಲಿ ಚರ್ಚಿಸಿದ್ದಾರೆ.

ಚಲನೆಯನ್ನು ತೋರಿಸುವುದರಲ್ಲಿ ವಿಡಿಯೊ ಪುಸ್ತಕಕ್ಕಿಂತ ಸಮರ್ಥವಾದುದು. ಆದರೆ ಕಲಿಯುವವನ ತಪ್ಪನ್ನು ನೋಡಿ ತಿದ್ದುವ ಸಾಮರ್ಥ್ಯ ಇವೆರಡಕ್ಕೂ ಇಲ್ಲ. ವೆಲ್ಡರ್ ಅರ್ಹತಾ ಪರೀಕ್ಷೆಗಳ ನಿರ್ಣಾಯಕ ಭಾಗವೂ ಕೈಕೆಲಸವೇ. ಅಭ್ಯರ್ಥಿ ಬೆಸೆದ ತುಂಡನ್ನು ಬಗ್ಗಿಸಿ, ಮುರಿದು ಅಥವಾ ಕ್ಷಕಿರಣದಿಂದ ನೋಡಿ ಅರ್ಹತೆಯನ್ನು ನಿರ್ಧರಿಸಲಾಗುತ್ತದೆ.

ಭಾರತದಲ್ಲಿ

1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ವೆಲ್ಡರ್ ಕಸುಬನ್ನು ಕಲಿಸಲಾಗುತ್ತದೆ. ಇದು ಒಂದು ವರ್ಷದ ತರಬೇತಿ. ಎಂಟನೆಯ ತರಗತಿ ಮುಗಿಸಿದವರು ಸೇರಬಹುದು. ಪಠ್ಯಗಳನ್ನು ಸಿದ್ಧಪಡಿಸಲು 1986ರಲ್ಲಿ ಚೆನ್ನೈಯಲ್ಲಿ ಸ್ಥಾಪಿತವಾದ ಕೇಂದ್ರ ಸಂಸ್ಥೆಯು ಈಗ ನಿಮಿ, ಅಂದರೆ ನ್ಯಾಷನಲ್ ಇನ್‌ಸ್ಟ್ರಕ್ಷನಲ್ ಮೀಡಿಯಾ ಇನ್‌ಸ್ಟಿಟ್ಯೂಟ್, ಎಂಬ ಹೆಸರಿನಲ್ಲಿದೆ. ಅದು ‘ಟ್ರೇಡ್ ಥಿಯರಿ’ ಮತ್ತು ‘ಟ್ರೇಡ್ ಪ್ರಾಕ್ಟಿಕಲ್’ ಎಂದು ಸಿದ್ಧಾಂತ ಹಾಗೂ ಪ್ರಯೋಗಗಳಿಗೆ ಪ್ರತ್ಯೇಕ ಪುಸ್ತಕಗಳನ್ನು ಹೊರತರುತ್ತದೆ. ತಿರುಚಿರಾಪಳ್ಳಿಯಲ್ಲಿ ಬಿಎಚ್ಇಎಲ್ ಅಧೀನದ ವೆಲ್ಡಿಂಗ್ ಸಂಶೋಧನಾ ಸಂಸ್ಥೆ ಇದೆ.

ಕರ್ನಾಟಕದ ಊರುಗಳಲ್ಲಿ ಗ್ರಿಲ್, ಗೇಟ್ ಮತ್ತು ಟ್ರ್ಯಾಕ್ಟರ್ ಟ್ರೈಲರ್ ತಯಾರಿಸುವ ಸಣ್ಣ ವರ್ಕ್‌ಶಾಪುಗಳಲ್ಲಿ ಹಲವರು ಸಹಾಯಕರಾಗಿ ಸೇರಿ ಈ ಕಸುಬನ್ನು ಕಲಿಯುತ್ತಾರೆ. ಅಲ್ಲಿ ಬಳಕೆಯಲ್ಲಿರುವುದು ರಾಡ್, ಹೋಲ್ಡರ್, ಅರ್ಥಿಂಗ್ ಮುಂತಾದ ಪದಗಳು. ಪುಸ್ತಕದಲ್ಲಿ ಅದೇ ರಾಡ್ ‘ವಿದ್ಯುದ್ವಾರ’ವಾದಾಗ ಓದುಗನು ತನಗೆ ಗೊತ್ತಿರುವ ವಸ್ತುವನ್ನೇ ಗುರುತಿಸದೆ ಹೋಗಬಹುದು. ಆದುದರಿಂದ ಕನ್ನಡದ ಪಠ್ಯಗಳಲ್ಲಿ ವರ್ಕ್‌ಶಾಪಿನ ರೂಢಿಯ ಪದವನ್ನೂ ಜೊತೆಗೆ ಕೊಡುವುದು ಅನುಕೂಲಕರ.

ಓದು ಮತ್ತು ಅಭ್ಯಾಸದ ಹೊಂದಾಣಿಕೆ

ಸುರಕ್ಷತೆಯ ಅಧ್ಯಾಯವನ್ನು ಯಂತ್ರ ಮುಟ್ಟುವ ಮೊದಲೇ ಓದಬೇಕು. ರಾಡ್ ಹಾಗೂ ಪ್ರವಾಹದ ಕೋಷ್ಟಕಗಳನ್ನು ಕೆಲಸದ ಜೊತೆಯಲ್ಲಿ ನೋಡಿಕೊಳ್ಳಬಹುದು. ದೋಷಗಳ ಅಧ್ಯಾಯವು ಸ್ವತಃ ಬೆಸೆದ ತುಂಡು ಮುಂದಿರುವಾಗ ಹೆಚ್ಚು ಅರ್ಥವಾಗುತ್ತದೆ. ಆ ತುಂಡನ್ನು ಗರಗಸದಿಂದ ಅಡ್ಡಲಾಗಿ ಕೊಯ್ದು, ಕೊಯ್ದ ಮುಖವನ್ನು ಪುಸ್ತಕದ ಚಿತ್ರಗಳೊಡನೆ ಹೋಲಿಸಿದರೆ ಲೋಹ ಬೇರಿನವರೆಗೆ ಕೂಡಿದೆಯೇ, ಒಳಗೆ ಕಿಟ್ಟ ಅಥವಾ ಗಾಳಿಗುಳ್ಳೆ ಉಳಿದಿದೆಯೇ ಎಂಬುದು ತಿಳಿಯುತ್ತದೆ.